ನಾಲ್ಕನೇ ಒರತೆಯ ಸೊನ್ನೆ

ನಮ್ಮ ಬೆಟ್ಟದಲ್ಲಿ ಆರು ಒರತೆಗಳಿವೆ. ಆರರ ನೀರನ್ನೂ ತಿಂಗಳಿಗೊಮ್ಮೆ ಬಾಟಲಿಯಲ್ಲಿ ಹಿಡಿದು ತಂದು, ಕುಡಿಯಬಹುದೋ ಬಾರದೋ ಎಂದು ಹೇಳುವುದು ನನ್ನ ಕೆಲಸ. ಕುಡಿಯಬಹುದಾದರೆ ಒರತೆಯ ಪಕ್ಕ ನೀಲಿ ಫಲಕ, ಬಾರದಾದರೆ ಕೆಂಪು. ನಡುವೆ ಬೇರೆ ಬಣ್ಣವಿಲ್ಲ. ಇಷ್ಟು ಸರಳವಾದ ಕೆಲಸದಿಂದ ಮನೆಯವರ ಜೊತೆ ಮನಸ್ತಾಪ ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಬಹುದು. ಒಂಬತ್ತು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ಪ್ರಯೋಗಾಲಯ ಎಂದರೆ ನೀರು ಸರಬರಾಜು ಕಚೇರಿಯ ಹಿಂದಿನ ಎರಡು ಕೋಣೆಗಳು. ಹಿಂದೆ ಅದು ಸೈಕಲ್ ನಿಲ್ಲಿಸುವ ಜಾಗವಾಗಿತ್ತು. ಈಗಲೂ ಕೆಲವರು ಅಭ್ಯಾಸಬಲದಿಂದ ಸೈಕಲ್ ತಳ್ಳಿಕೊಂಡು ಒಳಗೆ ಬರುತ್ತಾರೆ. ಒಂದು ಕೋಣೆಯಲ್ಲಿ ನಾನು, ನೀರು ಸೋಸುವ ಯಂತ್ರ, ಇನ್‌ಕ್ಯುಬೇಟರ್ ಎನ್ನುವ ಬೆಚ್ಚನೆಯ ಪೆಟ್ಟಿಗೆ. ಇನ್ನೊಂದರಲ್ಲಿ ಸಾಹೇಬರು. ಬೆನ್ನ ಹಿಂದೆ ಎಲ್ಲರೂ ಅವರನ್ನು ದಶಾಂಶ ಎನ್ನುತ್ತಾರೆ. ನೀರಿನ ಉಷ್ಣತೆ ಹದಿನಾಲ್ಕು ಎಂದು ಬರೆದರೆ ಅವರಿಗೆ ಊಟ ಸೇರುವುದಿಲ್ಲ. ಹದಿನಾಲ್ಕು ಬಿಂದು ಸೊನ್ನೆ ಎಂದೇ ಬರೆಯಬೇಕು. ಆ ಸೊನ್ನೆ ಬಿಟ್ಟರೆ ನೀರಿಗೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. "ನೀರಿಗೇನೂ ಆಗಲ್ಲ, ನಮಗೆ ಆಗುತ್ತೆ" ಎಂದರು. ಆಮೇಲೆ ಕೇಳಲು ಹೋಗಲಿಲ್ಲ.

ಮಾದರಿ ಹಿಡಿಯುವುದು ನೀರು ಕುಡಿದಷ್ಟು ಸುಲಭ ಎಂದು ಜನ ತಿಳಿದಿದ್ದಾರೆ. ಕೈಯನ್ನು ಮೊಣಕೈವರೆಗೆ ತೊಳೆಯಬೇಕು. ಒರತೆಯ ಕೊಳವೆಯ ಬಾಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಬೆಂಕಿ ತೋರಿಸಬೇಕು. ಎರಡು ನಿಮಿಷ ನೀರು ಹರಿಯಲು ಬಿಟ್ಟು ಬಾಟಲಿ ಒಡ್ಡಬೇಕು. ಆಗ ಮಾತಾಡಬಾರದು, ಕೆಮ್ಮಬಾರದು, ಬಾಟಲಿಯ ಒಳಗಂಚು ಮುಟ್ಟಬಾರದು, ಮುಚ್ಚಳವನ್ನು ಕೆಳಗಿಡಬಾರದು. ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲಿ ತಂದು, ನೀರನ್ನು ತೆಳ್ಳನೆಯ ಹಾಳೆಯಲ್ಲಿ ಸೋಸಿ, ಆ ಹಾಳೆಯನ್ನು ಅಂಗೈಯಗಲದ ಗಾಜಿನ ತಟ್ಟೆಯಲ್ಲಿಟ್ಟು ಬೆಚ್ಚನೆಯ ಪೆಟ್ಟಿಗೆಗೆ ಸೇರಿಸಿದರೆ ಒಂದು ದಿನದ ಕೆಲಸ ಮುಗಿಯಿತು. ನೀರಿನಲ್ಲಿ ಹೊಲಸು ಸೇರಿದ್ದರೆ ಮರುದಿನ ಹಾಳೆಯ ಮೇಲೆ ಹಳದಿ ಚುಕ್ಕಿಗಳು ಎದ್ದಿರುತ್ತವೆ. ಒಂದೇ ಒಂದು ಚುಕ್ಕಿ ಇದ್ದರೂ ಕೆಂಪು ಫಲಕ.

ಉಳಿದ ಐದು ಒರತೆಗಳಲ್ಲಿ ಮಳೆ ಬಂದರೆ ಒಂದೋ ಎರಡೋ ಚುಕ್ಕಿ ಬರುವುದು, ಫಲಕ ಬದಲಾಗುವುದು, ಮುಂದಿನ ತಿಂಗಳು ಮತ್ತೆ ನೀಲಿಯಾಗುವುದು ನಡೆದೇ ಇರುತ್ತದೆ. ನಾಲ್ಕನೇ ಒರತೆಯಲ್ಲಿ ಮಾತ್ರ ವರ್ಷಗಟ್ಟಲೆ ಸೊನ್ನೆ. ಮಳೆ ಬರಲಿ, ಬಿಸಿಲು ಸುಡಲಿ, ಸೊನ್ನೆ. ಅದರ ಮುಂದೆ ಬೆಳಗ್ಗೆ ಆರಕ್ಕೇ ಕ್ಯಾನುಗಳ ಸಾಲು ನಿಲ್ಲುತ್ತಿತ್ತು. ಇನ್ನೂರು ಮನೆಗಳಿಗೆ ಅದೇ ಕುಡಿಯುವ ನೀರು. ಸಾಲಿನಲ್ಲಿ ಯಾವಾಗಲೂ ಮೊದಲಿಗರಾದ ನಿವೃತ್ತ ಮೇಷ್ಟ್ರು ನನ್ನನ್ನು ಕಂಡಾಗಲೆಲ್ಲ "ಎಲ್ಲಾ ನಿಮ್ಮ ಕೈಗುಣ" ಎನ್ನುತ್ತಿದ್ದರು. ತಿಂಗಳ ಮೊದಲ ಮಂಗಳವಾರದ ನೀರಿನಲ್ಲಿ ಒಂದು ಥರದ ಆಸ್ಪತ್ರೆಯ ವಾಸನೆ ಇರುತ್ತದೆ, ಅದು ಬೆಟ್ಟದ ಗಿಡಮೂಲಿಕೆಗಳ ಪ್ರಭಾವ ಎಂದೂ ಅವರೇ ಕಂಡುಹಿಡಿದಿದ್ದರು. ಆ ದಿನ ಎರಡು ಕ್ಯಾನು ಹೆಚ್ಚಿಗೆ ಒಯ್ಯುತ್ತಿದ್ದರು. ಮೊದಲ ಮಂಗಳವಾರವೇ ನಾನು ಮಾದರಿ ಹಿಡಿಯುವ ದಿನ. ನನಗೆ ಆ ವಾಸನೆ ಹತ್ತಲಿಲ್ಲವೇ ಎಂದರೆ, ಸ್ಪಿರಿಟ್ ಮತ್ತು ಸೋಂಕು ತೊಳೆಯುವ ದ್ರಾವಣದ ನಡುವೆಯೇ ಬದುಕುವವರ ಮೂಗು ಎರಡನೇ ವರ್ಷಕ್ಕೆ ರಾಜೀನಾಮೆ ಕೊಟ್ಟಿರುತ್ತದೆ.

ಆ ಒರತೆಯನ್ನು ನೋಡಿಕೊಳ್ಳುವವರು ನನ್ನ ಮಾವ, ಅಂದರೆ ಗಂಡನ ತಂದೆ. ಅವರನ್ನು ಯಾರೂ ನೇಮಿಸಿಲ್ಲ, ಆದ್ದರಿಂದ ತೆಗೆದುಹಾಕಲೂ ಬರುವುದಿಲ್ಲ. ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವರು. ಗೀಟು ಎಳೆಯದೆ ಬರಿಗೈಯಲ್ಲಿ ಹನ್ನೆರಡು ಅಡಿ ಉದ್ದಕ್ಕೂ ಅಕ್ಷರಗಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದರಂತೆ. ಆಮೇಲೆ ಕೈ ನಡುಗಲು ಶುರುವಾಯಿತು. ಔಷಧಿ ಅಂಗಡಿಯವನೊಬ್ಬ ಅಕ್ಷರಗಳು ಕುಣಿಯುತ್ತಿವೆ ಎಂದು ಎಲ್ಲರೆದುರು ಬೋರ್ಡು ವಾಪಸು ಕಳಿಸಿದ. ಅಲ್ಲಿಗೆ ಕುಂಚ ಇಟ್ಟರು. ಎರಡು ವರ್ಷ ಕಿಟಕಿಯ ಬಳಿ ಕೂತು ಎದುರು ಬೀದಿಯ ಬೋರ್ಡುಗಳಲ್ಲಿ ತಪ್ಪು ಹುಡುಕುತ್ತ ಮನೆಯವರ ಪ್ರಾಣ ತಿಂದರು. ನಂತರ ಒರತೆ ಹಿಡಿದರು. ಬೆಳಗ್ಗೆ ಆರಕ್ಕೆ ಪೊರಕೆ ಹಿಡಿದು ಹತ್ತುತ್ತಾರೆ. ಸುತ್ತ ಗುಡಿಸುತ್ತಾರೆ, ಸಾಲು ಸರಿಮಾಡುತ್ತಾರೆ, ಕಾಲು ತೊಳೆಯಲು ಬಂದವರನ್ನು ಗದರಿಸುತ್ತಾರೆ, ಮನೆಗೆ ಎರಡು ಕ್ಯಾನು ತರುತ್ತಾರೆ. ನೀರು ಬಂದು ತುಂಬುವ ತೊಟ್ಟಿಯ ಮುಚ್ಚಳದ ಬೀಗದ ಕೈ ಅವರ ಕೊರಳಿನಲ್ಲೇ ತೂಗುತ್ತಿತ್ತು. ಊರೆಲ್ಲ ಅವರನ್ನು ಒರತೆ ತಾತ ಎನ್ನುತ್ತದೆ. ಆ ನೀಲಿ ಫಲಕದ ಕೆಳಗಿನ ಕಲ್ಲೇ ಅವರಿಗೆ ಕಚೇರಿ, ಕುರ್ಚಿ, ಮರ್ಯಾದೆ ಎಲ್ಲ.

ಕೆಲಸ ಕೆಟ್ಟಿದ್ದು ಒಂದು ಗುಳಿಗೆಯಿಂದ. ನಲ್ಲಿ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ನೋಡುವ ಗುಳಿಗೆಗಳ ದೊಡ್ಡ ಪೆಟ್ಟಿಗೆಯೊಂದು ಮುಖ್ಯ ಕಚೇರಿಯಿಂದ ಬಂತು. ತಿಂಗಳ ಕೊನೆಗೆ ಅವುಗಳ ಅವಧಿ ಮುಗಿಯುತ್ತಿತ್ತು. ಸರಕಾರಿ ಸಾಮಾನು ವ್ಯರ್ಥವಾಗಬಾರದೆಂದು ಸಾಹೇಬರು ಕಂಡ ಕಂಡ ನೀರಿಗೆಲ್ಲ ಹಾಕಿ ನೋಡಲು ಹೇಳಿದರು.

"ಒರತೆಗೂ ಹಾಕ್ಬೇಕಾ ಸರ್? ಬೆಟ್ಟದೊಳಗೆ ಕ್ಲೋರಿನ್ ಯಾರು ಹಾಕ್ತಾರೆ?"

"ಯಾರೂ ಹಾಕಲ್ಲ ಅಂತ ಬರೀರಿ. ಸೊನ್ನೆ ಬಿಂದು ಸೊನ್ನೆ."

ಮಂಗಳವಾರ ಹೋದೆ. ಮೊದಲ ಮೂರು ಒರತೆಗಳಲ್ಲಿ ಗುಳಿಗೆ ಕರಗಿ ನೀರು ನೀರಾಗಿಯೇ ಇತ್ತು. ಹತ್ತು ಗಂಟೆಗೆ ನಾಲ್ಕನೆಯದಕ್ಕೆ ಬಂದೆ. ಆ ಹೊತ್ತಿಗೆ ಜನ ಇರುವುದಿಲ್ಲ. ಮಾವ ಒಬ್ಬರೇ ಕಲ್ಲಿನ ಮೇಲೆ ಕೂತಿದ್ದರು. ಗಾಜಿನ ಕೊಳವೆಗೆ ನೀರು ಹಿಡಿದು ಗುಳಿಗೆ ಹಾಕಿ ಅಲ್ಲಾಡಿಸಿದೆ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಗುಳಿಗೆಯೇ ಕೆಟ್ಟಿರಬೇಕೆಂದು ಇನ್ನೊಂದು ಹಾಕಿದೆ. ಅದೂ ಗುಲಾಬಿ. ಮೂರನೆಯದನ್ನು ಹಾಕುವಾಗ ಮಾವ ಎದ್ದು ಹತ್ತಿರ ಬಂದರು.

"ಬಣ್ಣ ಯಾಕಮ್ಮ ಬಂತು?"

"ನೀರಲ್ಲಿ ಕ್ಲೋರಿನ್ ಇದ್ರೆ ಬರುತ್ತೆ ಮಾವ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮಾವ ಕೊರಳು ಮುಟ್ಟಿಕೊಂಡರು. ತೊಟ್ಟಿಯ ಬೀಗದ ಕೈ ಕೇಳಿದೆ. ಮನೆಯಲ್ಲಿ ಬಿಟ್ಟುಬಂದಿದ್ದೇನೆ ಎಂದರು. ನಾನು ಅವರ ಕೊರಳನ್ನೇ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ತಾವೂ ನೋಡಿಕೊಂಡು, ದಾರ ಬಿಚ್ಚಿ ಕೊಟ್ಟರು.

ಮುಚ್ಚಳ ಎತ್ತಿದರೆ ಒಳಗಿನ ಕೊಕ್ಕೆಗೆ ಒಂದು ಹುರಿ ಕಟ್ಟಿತ್ತು. ಎಳೆದೆ. ಒದ್ದೆಯಾದ ಬೂದು ಬಣ್ಣದ ಕಾಲುಚೀಲ ಮೇಲೆ ಬಂತು. ಹಿಮ್ಮಡಿಯ ಹತ್ತಿರ ಕೆಂಪು ಗೆರೆ. ಅದು ನನ್ನ ಗಂಡನದು. ಅವರು ಬೆಟ್ಟದ ಬಸ್ಸಿನ ಚಾಲಕರು. ಸಮವಸ್ತ್ರದ ಜೊತೆ ವರ್ಷಕ್ಕೆ ಹನ್ನೆರಡು ಜೊತೆ ಕಾಲುಚೀಲ ಕೊಡುತ್ತಾರೆ. ನಮ್ಮ ಮನೆಯಲ್ಲಿ ತಿಂಗಳಿಗೊಂದು ಕಾಲುಚೀಲ ಮಾಯವಾಗುತ್ತಿತ್ತು. ಜೊತೆಗೆ ಜೊತೆ ಹೋಗಿದ್ದರೆ ಕಳ್ಳನೆನ್ನಬಹುದಿತ್ತು, ಒಂಟಿ ಕಾಲುಚೀಲ ಕದಿಯುವ ಕಳ್ಳನನ್ನು ಎಲ್ಲಿಂದ ಹುಡುಕುವುದು? ಒಗೆಯುವವಳು ನಾನಾದ್ದರಿಂದ ಅಪವಾದ ನನ್ನ ತಲೆಗೇ ಬಂದಿತ್ತು.

"ಮಾವ, ಇದೇನು?"

"ಕಾಲುಚೀಲ" ಎಂದರು ಮಾವ.

"ಒಳಗೆ?"

"ಬ್ಲೀಚಿಂಗ್ ಪೌಡರ್. ಮೂರೇ ಚಮಚ."

ಕೈಯಲ್ಲಿ ಕಾಲುಚೀಲ ಹಿಡಿದುಕೊಂಡೇ ಅವರ ಕಲ್ಲಿನ ಮೇಲೆ ಕೂತೆ. ಬೀಗದ ಕೈ ಕೊಟ್ಟಾಗಿತ್ತು, ಈಗ ಕಲ್ಲೂ ಹೋಯಿತು. ಅವರು ನಿಂತೇ ಇದ್ದರು. ಯಾವಾಗಿನಿಂದ ಎಂದು ಕೇಳಿದೆ.

"ನೀನು ಕೆಲಸಕ್ಕೆ ಸೇರಿದ ಎರಡನೇ ತಿಂಗಳಿಂದ."

ಆ ಮೊದಲ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಮದುವೆಯಾಗಿ ಈ ಮನೆಗೆ ಬಂದು ಆರು ವಾರವಾಗಿತ್ತು. ಹೊಸಬಳೆಂದು ಸಾಹೇಬರು ಒಂದೇ ಒರತೆ ಕೊಟ್ಟು ಪರೀಕ್ಷಿಸಿದರು. ಮನೆಗೆ ಹತ್ತಿರವೆಂದು ನಾನೇ ನಾಲ್ಕನೆಯದನ್ನು ಕೇಳಿದ್ದೆ. ತಟ್ಟೆಯಲ್ಲಿ ಹತ್ತೊಂಬತ್ತು ಚುಕ್ಕಿ ಬಂತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಮಳೆಯೂ ಇಲ್ಲದೆ ಬೆಟ್ಟದ ನೀರು ಹೇಗಮ್ಮ ಕೆಡುತ್ತೆ? ನಿಮ್ಮ ಕೈ ಗಲೀಜಿತ್ತು. ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದರು. ಮನೆಗೆ ಬಂದು ಅತ್ತು, ಹೇಳಿಕೊಂಡೆ. ಮುಂದಿನ ತಿಂಗಳು ಸೊನ್ನೆ ಬಂತು. "ನೋಡಿದ್ರಾ? ಕೈ ತೊಳೆದ್ರೆ ಎಲ್ಲಾ ಸರಿಹೋಗುತ್ತೆ" ಎಂದರು ಸಾಹೇಬರು. ನಾನೂ ಹಾಗೇ ನಂಬಿದೆ. ಅಂದಿನಿಂದ ಪ್ರತಿ ಮಾದರಿಗೂ ಮೂರು ಸಲ ಕೈ ತೊಳೆಯುತ್ತೇನೆ. ನನ್ನ ಅಂಗೈ ಬೇಸಗೆಯ ಕೆರೆಯಂಗಳದ ಹಾಗೆ ಬಿರಿದಿದೆ. ಮುಲಾಮಿನಿಂದ ಏನೂ ಪ್ರಯೋಜನವಿಲ್ಲ.

ಮಾವ ಹೇಳುತ್ತಾ ಹೋದರು. "ನಿನ್ನ ಕೈ ಗಲೀಜು ಅಂದ್ರಲ್ಲಮ್ಮ. ನೀನು ಅವತ್ತು ಊಟಾನೂ ಮಾಡ್ಲಿಲ್ಲ. ಕೈ ಕೆಟ್ಟೋರ ಪಾಡು ನಂಗೊತ್ತು. ನನ್ನ ಕೈ ನಡುಗೋಕೆ ಶುರುವಾದಾಗ ಮುಚ್ಚಿಡೋರು ಯಾರೂ ಇರ್ಲಿಲ್ಲ. ನಿಂದಾದ್ರೂ ಮುಚ್ಚಿಡೋಣ ಅಂತ..."

"ಅಂದ್ರೆ ನೀವೂ ನನ್ನ ಕೈದೇ ತಪ್ಪು ಅಂದ್ಕೊಂಡ್ರಾ?"

"ಮತ್ತೆ ನೀರಿಂದಾ? ನಮ್ಮಜ್ಜನ ಕಾಲದಿಂದ ಕುಡೀತಿರೋ ನೀರು. ನಾನೇ ದಿನಾ ಕುಡಿಯಲ್ವಾ?"

"ಒಂಬತ್ತು ವರ್ಷ ಪೂರ್ತಿ ನನ್ನ ಕೈ ಸರಿಯಿಲ್ಲ ಅಂತಾನೇ ನಂಬಿದ್ರಾ?"

"ಎಲ್ಲರ ಕೈಯೂ ಒಂದೇ ಥರ ಇರಲ್ಲಮ್ಮ" ಎಂದರು ಸಮಾಧಾನ ಮಾಡುವ ದನಿಯಲ್ಲಿ. "ಬೇರೆ ಒರತೆಗಳಲ್ಲಿ ಆಗಾಗ ಚುಕ್ಕಿ ಬಂತು ಅಂತಿದ್ದೆಯಲ್ಲ, ಆಗೆಲ್ಲ ಪಾಪ ಅನಿಸ್ತಿತ್ತು. ಅಲ್ಲಿಗೂ ಹೋಗ್ಬಹುದಿತ್ತು, ಮಂಡಿ ನೋವು ನೋಡು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಹೇಬರು ಗಲೀಜು ಅಂದಾಗಲೂ ಇಷ್ಟು ಬಂದಿರಲಿಲ್ಲ. ಅವರು ಹೊರಗಿನವರು, ಬೈದರು, ಮರೆತರು. ಇವರು ನನ್ನ ಎದುರು ಕೂತು ಊಟ ಮಾಡುತ್ತ, "ಇವತ್ತೂ ಸೊನ್ನೆಯೇನಮ್ಮ?" ಎಂದು ಕೇಳಿ, ಹೌದೆಂದಾಗ ತಲೆ ಆಡಿಸುತ್ತ, ಒಳಗೊಳಗೆ ನನ್ನನ್ನು ಕೈಲಾಗದವಳೆಂದು ಕರುಣೆ ತೋರಿಸಿದ್ದರು. ಪ್ರತಿ ತಿಂಗಳು ಮಾದರಿಯ ಮುನ್ನಾದಿನ, ಸೋಮವಾರ ಸಂಜೆ, ಐಸ್ ಪೆಟ್ಟಿಗೆ ತೊಳೆದಿಡುತ್ತ "ನಾಳೆ ಮಾದರಿ ಮಾವ" ಎಂದು ಹೇಳುತ್ತಿದ್ದವಳು ನಾನೇ. ನಾನು ಹೇಳಿದಾಗ ಅವರು ಕಾಲುಚೀಲ ಹುಡುಕುತ್ತಿದ್ದರು.

ಆಮೇಲೆ ಇನ್ನೊಂದು ಹೊಳೆಯಿತು. ಆ ಹತ್ತೊಂಬತ್ತು ಚುಕ್ಕಿ ನನ್ನ ಕೈಯವಲ್ಲ ಎಂದಾದರೆ, ತಿಂಗಳಿಗೆ ಒಂದು ದಿನ ಬಿಟ್ಟು ಉಳಿದ ದಿನವೆಲ್ಲ ಇನ್ನೂರು ಮನೆಯವರು ಅದನ್ನೇ ಕುಡಿದಿದ್ದಾರೆ. ನಮ್ಮ ಮನೆಯೂ ಸೇರಿ. ಮೂರು ತಿಂಗಳಿಗೊಮ್ಮೆ ನಮ್ಮ ಮೂವರಿಗೂ ಹೊಟ್ಟೆ ಕೆಡುತ್ತಿತ್ತು. ಅದಕ್ಕೆ ನನ್ನ ಅಡುಗೆಯೇ ಕಾರಣವೆಂದು ಮನೆಯಲ್ಲಿ ಒಮ್ಮತವಿತ್ತು.

ಆ ದಿನದ ಮಾದರಿಯನ್ನು ಚೆಲ್ಲಿದೆ. ವರದಿಯಲ್ಲಿ ನಾಲ್ಕನೇ ಒರತೆಯ ಸಾಲಿಗೆ ರದ್ದು ಎಂದು ಬರೆದೆ. ಸಾಹೇಬರು ಎಷ್ಟು ರದ್ದು ಎಂದು ಕೇಳಲಿಲ್ಲ, ಅದೇ ಪುಣ್ಯ. ಮರುಪರೀಕ್ಷೆಗೆ ಹತ್ತು ದಿನ ಕೇಳಿಕೊಂಡೆ. ಬೀಗದ ಕೈಯನ್ನು ನನ್ನ ಚೀಲದಲ್ಲೇ ಇಟ್ಟುಕೊಂಡೆ.

ಸಂಜೆ ಗಂಡನಿಗೆ ಹೇಳಿದೆ. ಅವರು ಮೊದಲು ಕಾಲುಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಬಲಗಾಲಿನದು ಎಂದರು. ಕಾಲುಚೀಲಕ್ಕೆ ಎಡ ಬಲ ಇರುವುದಿಲ್ಲ ಎಂದೆ. ಅದನ್ನು ಬದಿಗಿಟ್ಟು ನೀರಿನ ಲೋಟ ಎತ್ತಿಕೊಂಡರು.

"ಅಪ್ಪ ಮಾಡಿದ್ದು ತಪ್ಪು. ಆದ್ರೆ ನೀನು ಅಲ್ಲಿ ಕೆಂಪು ಫಲಕ ಹಾಕಿದ್ರೆ, ಬೆಳಗ್ಗೆ ಎದ್ದು ಅವರು ಎಲ್ಲಿಗೆ ಹೋಗ್ಬೇಕು?"

"ಹಾಕದೇ ಇದ್ರೆ?"

"ಹಾಕದೇ ಇದ್ರೆ ಆ ನೀರನ್ನ ನಾವೂ ಕುಡೀಬೇಕು" ಎಂದು ತಾವೇ ಉತ್ತರ ಹೇಳಿಕೊಂಡು, ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು.

ಎಂಟು ದಿನ ಮಾವನೂ ನಾನೂ ಬೇಕಾದಷ್ಟೇ ಮಾತಾಡಿದೆವು. ಊಟಕ್ಕೆ ಬನ್ನಿ, ಬಂದೆ, ಸಾಕು, ಇಷ್ಟೇ. ಕುಡಿಯುವ ನೀರನ್ನು ನಾನು ಕುದಿಸಲು ಶುರುಮಾಡಿದೆ. ಮಾವ ತಮ್ಮ ಪಾಲನ್ನು ಹಠಕ್ಕೆ ಕ್ಯಾನಿನಿಂದಲೇ ಬಗ್ಗಿಸಿಕೊಂಡು ನನ್ನೆದುರೇ ಗಟಗಟನೆ ಕುಡಿಯುತ್ತಿದ್ದರು. ಸಾಲಿನಲ್ಲಿ ನಿಲ್ಲುವವರಿಗೆ ಕುದಿಸಿ ಕುಡಿಯಿರಿ ಎಂದು ನಾನು ಹೇಳಿ ಬಂದೆ. ಕುದಿಸಿದರೆ ಗಿಡಮೂಲಿಕೆಯ ಗುಣ ಹೋಗುತ್ತದೆ ಎಂದರು ಮೇಷ್ಟ್ರು. ಒಂಬತ್ತನೇ ದಿನ ಬೆಳಗ್ಗೆ ಮಾವ ತಾವಾಗಿಯೇ ಬಾಯಿ ಬಿಟ್ಟರು.

"ನಾನೇ ಹಿಡೀತೀನಿ. ನನ್ನ ಕೈಯಲ್ಲಿ ಹಿಡಿದ ನೀರಲ್ಲಿ ಚುಕ್ಕಿ ಬಂದ್ರೆ ಆಗ ನಂಬ್ತೀನಿ."

"ಬನ್ನಿ ಹಾಗಾದ್ರೆ, ಈಗಲೇ" ಎಂದೆ. ಸೋಮವಾರ ಅಲ್ಲ, ಮಂಗಳವಾರವೂ ಅಲ್ಲ. ಗುರುವಾರ.

ಮೂರು ಬಾಟಲಿ ಒಯ್ದೆ. ಮೊದಲು ಗುಳಿಗೆ ಹಾಕಿ ನೋಡಿದೆ. ನೀರಿಗೆ ಬಣ್ಣ ಬರಲಿಲ್ಲ, ಬ್ಲೀಚಿಂಗ್ ಪೌಡರ್ ಪೂರ್ತಿ ಹೋಗಿತ್ತು. ಮಾವನಿಗೆ ಕೈ ತೊಳೆಯುವುದನ್ನು ಹೇಳಿಕೊಟ್ಟೆ. ಅವರು ಬಣ್ಣದ ಕೆಲಸದವರು, ಉಗುರಿನ ಸಂದು ಹೇಗೆ ತಿಕ್ಕಬೇಕೆಂದು ನನಗಿಂತ ಚೆನ್ನಾಗಿ ಗೊತ್ತು. ಕೊಳವೆಯ ಬಾಯಿಗೆ ಬೆಂಕಿ ತೋರಿಸಿದ್ದು ನಾನು. ಬಾಟಲಿ ಹಿಡಿದಾಗ ಅವರ ಬಲಗೈ ನಡುಗಿತು. ಎಡಗೈಯಿಂದ ಅದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಉಸಿರು ಬಿಗಿಹಿಡಿದು, ಒಂದು ಹನಿ ಹೊರಗೆ ಚೆಲ್ಲದಂತೆ ತುಂಬಿಸಿದರು. ನಲವತ್ತು ವರ್ಷ ಅಕ್ಷರ ಬರೆದಿದ್ದು ಅದೇ ಶ್ರದ್ಧೆಯಿಂದಲೇ ಇರಬೇಕು. ನನಗೆ ಅವರ ಮೇಲೆ ಸಿಟ್ಟೂ ಇತ್ತು, ಅಕ್ಕರೆಯೂ ಬಂತು, ಎರಡೂ ಒಟ್ಟಿಗೆ ಇರುವುದು ಬಹಳ ತ್ರಾಸದ ಕೆಲಸ.

ಎರಡನೇ ಬಾಟಲಿ ನಾನು ತುಂಬಿದೆ. ಮೂರನೆಯದಕ್ಕೆ ಪ್ರಯೋಗಾಲಯದಿಂದ ತಂದಿದ್ದ ಶುದ್ಧ ಮಾಡಿದ ನೀರನ್ನು ಅಲ್ಲೇ ನಿಂತು, ಅದೇ ಗಾಳಿಯಲ್ಲಿ, ಅದೇ ಕೈಯಿಂದ ಸುರಿದೆ. ಕೈ ಗಲೀಜಾಗಿದ್ದರೆ ಅದರಲ್ಲೂ ಚುಕ್ಕಿ ಏಳಬೇಕು. ಒಂಬತ್ತು ವರ್ಷದ ಹಿಂದೆ ಇಷ್ಟು ಮಾಡಿ ತೋರಿಸಲು ನನಗೆ ಹೊಳೆದಿರಲಿಲ್ಲ. ಹೊಸ ಸೊಸೆ, ಹೊಸ ಕೆಲಸ. ತಪ್ಪು ನಿನ್ನದು ಎಂದರೆ ಹೌದು ಎನ್ನುವ ವಯಸ್ಸು.

ಮರುದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪ್ರಯೋಗಾಲಯಕ್ಕೆ ಬಂದರು. ನಾನು ಕೆಲಸ ಮಾಡುವ ಜಾಗ ನೋಡಿದ್ದು ಅದೇ ಮೊದಲು. ಬಾಗಿಲ ಮೇಲಿನ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಾಗಿದೆ ಎಂದರು. ಬೆಚ್ಚನೆಯ ಪೆಟ್ಟಿಗೆಯಿಂದ ಮೂರು ತಟ್ಟೆ ತೆಗೆದು ಮೇಜಿನ ಮೇಲಿಟ್ಟೆ. ಕನ್ನಡಕ ಸರಿಮಾಡಿಕೊಂಡು ತಾವೇ ಎಣಿಸುತ್ತೇನೆ ಎಂದರು. ಮೊದಲನೆಯದರಲ್ಲಿ ಇಪ್ಪತ್ತಮೂರು. ಎರಡನೆಯದರಲ್ಲಿ ಇಪ್ಪತ್ತೊಂದು. ಮೂರನೆಯದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು. ಬಿಳಿ ಹಾಳೆ ಬಿಳಿಯಾಗಿಯೇ ಇತ್ತು.

"ಇದು ನಾನು ಹಿಡಿದಿದ್ದು ತಾನೇ?" ಎಂದು ಕೇಳಿದರು. ದನಿಯಲ್ಲಿ ಆಸೆಯಿತ್ತು.

"ನೀವು ಹಿಡಿದಿದ್ದು ಇಪ್ಪತ್ತಮೂರು ಮಾವ. ನಾನು ಹಿಡಿದಿದ್ದು ಇಪ್ಪತ್ತೊಂದು. ಇದು ಶುದ್ಧ ನೀರು. ಸುರಿದಿದ್ದು ನನ್ನ ಕೈ."

ಸ್ಟೂಲಿನ ಮೇಲೆ ಕೂತರು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಬಂದು, ಒಳಗೆ ಇಣುಕಿ, ಕ್ಷಮಿಸಿ ಎಂದು ಹಿಂದಕ್ಕೆ ಹೋದರು.

"ಹಾಗಾದ್ರೆ ಜನ ಕುಡಿದಿದ್ದು?" ಎಂದರು ಕೊನೆಗೆ.

"ಇದನ್ನೇ."

"ಸಾಲಿನಲ್ಲಿ ನಿಲ್ಲಿಸಿ ಕುಡಿಸಿದ್ನಲ್ಲಮ್ಮ ನಾನು" ಎಂದರು. ಸುಳ್ಳು ಸಮಾಧಾನ ಹೇಳಬಹುದಿತ್ತು. ಅವರು ಒಂಬತ್ತು ವರ್ಷ ಹೇಳಿದ್ದು ಅದನ್ನೇ ಎಂದು ನೆನಪಾಗಿ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದೆ.

ಮೂರೂ ತಟ್ಟೆಗಳನ್ನು ಹಿಡಿದು ಸಾಹೇಬರ ಕೋಣೆಗೆ ಹೋದೆ. ಕಾಲುಚೀಲದ ಕಥೆಯನ್ನೂ ಹೇಳಿದೆ, ಯಾರೆಂಬುದನ್ನೂ ಮುಚ್ಚಿಡಲಿಲ್ಲ. ಸಾಹೇಬರು ಕೇಳಿ ಮುಗಿಸಿ, "ಕೈ ತೊಳ್ಕೊಂಡಿದ್ರಾ?" ಎಂದರು.

"ಮೂರು ಸಲ. ಅದಕ್ಕೇ ಮೂರನೇ ತಟ್ಟೆ ಸರ್."

ಅವರು ಮೂರನೇ ತಟ್ಟೆಯನ್ನು ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಬಹುಶಃ ಮೊದಲ ಸಲ.

"ಹಳೇ ವರದಿಗಳು ಎಷ್ಟಿವೆ?"

"ನೂರೇಳು. ಎಲ್ಲದಕ್ಕೂ ನನ್ನ ಸಹಿ ಇದೆ."

"ನನ್ನದೂ ಇದೆ" ಎಂದರು ಸಾಹೇಬರು. ಅಷ್ಟು ವರದಿಗಳನ್ನು ಒಟ್ಟಿಗೆ ರದ್ದು ಮಾಡುವ ನಮೂನೆ ಕಚೇರಿಯಲ್ಲಿ ಇರಲಿಲ್ಲ. ಒಂದೊಂದಕ್ಕೂ ಒಂದೊಂದು ಪತ್ರ ಬರೆಯಬೇಕಾಯಿತು. ನನಗೆ ವೇತನ ಬಡ್ತಿ ಒಂದು ವರ್ಷ ನಿಂತಿತು, ಅವರಿಗೆ ಮೇಲಿನಿಂದ ಒಂದು ಉದ್ದನೆಯ ಪತ್ರ ಬಂತು. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಒರತೆಯ ಮೇಲಿನ ಇಳಿಜಾರಿನಲ್ಲಿ ಹತ್ತು ವರ್ಷದ ಹಿಂದೆ ಶುರುವಾದ ಕುದುರೆ ಲಾಯದ ಗುಂಡಿ ಹೊಲಸಿನ ಮೂಲವೆಂದು ಆಮೇಲೆ ಗೊತ್ತಾಯಿತು. ಅದನ್ನು ಬೇರೆಡೆಗೆ ಸಾಗಿಸಲು ನೋಟಿಸು ಹೋಗಿದೆ. ಲಾಯದವನು ಕುದುರೆಗಳು ಒರತೆಯ ಕಡೆ ಮುಖ ಮಾಡಿಯೂ ನಿಲ್ಲುವುದಿಲ್ಲ ಎಂದು ಉತ್ತರ ಕೊ‌ಟ್ಟಿದ್ದಾನೆ. ನಮ್ಮ ತಕರಾರು ಮುಖದ ಬಗ್ಗೆ ಅಲ್ಲ ಎಂದು ಸಾಹೇಬರು ಮರುಪತ್ರ ಬರೆದಿದ್ದಾರೆ.

ಕೆಂಪು ಫಲಕವನ್ನು ಮಾವ ತಾವೇ ಬರೆಯುತ್ತೇನೆ ಎಂದರು. ಹನ್ನೊಂದು ವರ್ಷದ ಮೇಲೆ ಕುಂಚ ಹಿಡಿದು, ಅಂಗಳದಲ್ಲಿ ಕೂತು, ಎರಡು ದಿನ ತೆಗೆದುಕೊಂಡು "ಈ ನೀರು ಕುಡಿಯಬಾರದು" ಎಂದು ಬರೆದರು. ಅಕ್ಷರಗಳು ಕುಣಿಯುತ್ತಿದ್ದವು. ಅವರಿಗೂ ಗೊತ್ತಿತ್ತು. ನನ್ನ ಗಂಡ ಅದನ್ನು ಹಾಗೇ ಒಯ್ದು ಮೊಳೆ ಹೊಡೆದು ಬಂದರು.

ಇನ್ನು ಅವರು ಕಿಟಕಿಯ ಬಳಿ ಕೂರುತ್ತಾರೆ ಎಂದು ನಾನು ಹೆದರಿದ್ದೆ. ಮರುದಿನ ಬೆಳಗ್ಗೆ ಆರಕ್ಕೆ ಎದ್ದು, ಪೊರಕೆ ಬಿಟ್ಟು, ಬರಿಗೈಯಲ್ಲಿ ಬೆಟ್ಟ ಹತ್ತಿದರು.

ಮುಂದಿನ ತಿಂಗಳ ಮೊದಲ ಮಂಗಳವಾರ ಹೋದಾಗ ಕಂಡೆ. ಕೆಂಪು ಫಲಕವಿದ್ದರೂ ನೀರು ಹಿಡಿಯುವವರನ್ನು ತಡೆಯಲೆಂದು ಮಾವ ಅದೇ ಕಲ್ಲಿನ ಮೇಲೆ ಕೂತಿದ್ದರು. ಆ ದಿನ ಗಂಟೆ ಹತ್ತಾದರೂ ಏಳೆಂಟು ಜನ ಕ್ಯಾನು ಹಿಡಿದು ವಾದ ಮಾಡುತ್ತ ನಿಂತಿದ್ದರು. ಎಲ್ಲರಿಗಿಂತ ಮುಂದೆ ಮೇಷ್ಟ್ರು. ನಾನು ಕೈ ತೊಳೆದು, ಕೊಳವೆಗೆ ಬೆಂಕಿ ತೋರಿಸಿ, ಬಾಟಲಿ ತುಂಬುತ್ತಿದ್ದೆ.

"ತಾತ, ಬೆಟ್ಟದ ನೀರು ಹೇಗ್ರೀ ಕೆಡುತ್ತೆ?" ಎಂದರು ಮೇಷ್ಟ್ರು. ನನಗೆ ಕೇಳಿಸುವಷ್ಟು ಜೋರಾಗಿಯೇ. "ಬೇಜಾರು ಮಾಡ್ಕೋಬೇಡಿ, ಹಿಡಿಯೋರ ಕೈ ಸರಿಯಿಲ್ಲದಿದ್ರೂ ಹೀಗಾಗುತ್ತೆ."

ಮಾವ ಎದ್ದು ನಿಂತರು. ನೇರವಾಗಿ ನನ್ನ ಬಳಿ ಬಂದು, "ಒಂದು ಕೈ ಕೊಡಮ್ಮ" ಎಂದರು. ಒಂಬತ್ತು ವರ್ಷದಲ್ಲಿ ಅವರು ನನ್ನ ಕೈ ಮುಟ್ಟಿದವರಲ್ಲ. ನಮ್ಮ ಮನೆಯಲ್ಲಿ ಮಾವ ಸೊಸೆ ಲೋಟ ಕೊಡುವಾಗಲೂ ಮೇಜಿನ ಮೇಲಿಟ್ಟು ಕೊಡುತ್ತೇವೆ. ಬಲಗೈಯಲ್ಲಿ ತುಂಬಿದ ಬಾಟಲಿ ಇತ್ತು. ಮುಚ್ಚಳವನ್ನು ಎರಡು ಬೆರಳ ತುದಿಗೆ ಸಿಕ್ಕಿಸಿಕೊಂಡಿದ್ದ ಎಡಗೈಯನ್ನೇ ಚಾಚಿದೆ. ಅವರು ಅದನ್ನು ತಮ್ಮ ನಡುಗುವ ಕೈಯಲ್ಲಿ ಹಿಡಿದು, ಬಿರಿದ ಅಂಗೈಯನ್ನು ಮೇಷ್ಟ್ರ ಕಡೆಗೆ ತಿರುಗಿಸಿದರು.

"ಇದನ್ನ ನೋಡಿ ಮೇಷ್ಟ್ರೇ. ನೀರು ಕೆಟ್ಟಿದೆ ಅಂತ ಈ ಕೈ ಒಂಬತ್ತು ವರ್ಷದ ಹಿಂದೇನೇ ಹೇಳಿತ್ತು. ಚೊಕ್ಕಟವಾದ ಕೈ. ನಂಬದೇ ಇದ್ದೋನು ನಾನು."

ಮೇಷ್ಟ್ರು ಖಾಲಿ ಕ್ಯಾನು ಕೆಳಗಿಟ್ಟರು. ನನಗೆ ಅಳು ಒತ್ತರಿಸಿ ಬಂತು. ಕಣ್ಣೀರು ಬಿದ್ದರೆ ಮಾದರಿ ಕೆಡುತ್ತದೆ. ಮೊದಲು ಬಾಟಲಿಗೆ ಮುಚ್ಚಳ ಹಾಕಿದೆ, ಆಮೇಲೆ ಕಣ್ಣು ಒರೆಸಿಕೊಂಡೆ.